ಬ್ಯಾಟರಿಯ ಬೆಲೆಯೂ ಬೆಳಕಿನ ಬೆಲೆಯೂ

ಮನೆಗೆ ಇನ್‌ವರ್ಟರ್ ಬ್ಯಾಟರಿ ಕೊಳ್ಳುವಾಗ ನಮ್ಮ ರೈತರು ಮೊದಲು ಕೇಳುವುದು ಪೆಟ್ಟಿಗೆಯ ಬೆಲೆಯನ್ನು. ಅದರಿಂದ ದೊರೆಯುವ ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಬೀಳುತ್ತದೆಂದು ಕೇಳುವವರು ವಿರಳ. ಎತ್ತು ಎಷ್ಟು ವರ್ಷ ದುಡಿದೀತೆಂದು ಹಲ್ಲು ನೋಡಿ ಕೊಳ್ಳುವವರಿಗೆ ಈ ಲೆಕ್ಕವೇನೂ ಕಷ್ಟವಲ್ಲ.

12 ವೋಲ್ಟ್, 150 ಎ.ಎಚ್. ಸೀಸದ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಅದರಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಿದರೆ ಬಾಳಿಕೆ ಹೆಚ್ಚು. 9 ವ್ಯಾಟಿನ ನಾಲ್ಕು ಎಲ್.ಇ.ಡಿ. ದೀಪ, ಒಂದು ಫ್ಯಾನು ಐದು ಗಂಟೆ ನಡೆಯಲು ಇಷ್ಟು ಸಾಕು. ಪಂಪನ್ನೂ ನಡೆಸಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. 5 ಅಶ್ವಶಕ್ತಿಯ ಪಂಪು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 4 ಯೂನಿಟ್ ನುಂಗುತ್ತದೆ.

ಲೆಕ್ಕಕ್ಕಾಗಿ ಇದರ ಬೆಲೆ 15,000 ರೂ. ಎಂದೂ, 1,000 ಸಲ ಈ ರೀತಿ ಬಳಸಬಹುದೆಂದೂ ಇಟ್ಟುಕೊಳ್ಳೋಣ. ಒಟ್ಟು 900 ಯೂನಿಟ್ ಸಿಕ್ಕಿ, ಯೂನಿಟ್ಟಿಗೆ 16 ರೂ. 67 ಪೈಸೆ ಬೀಳುತ್ತದೆ. 36,000 ರೂ.ಗಳ ಲಿಥಿಯಂ ಬ್ಯಾಟರಿ ಸಲಕ್ಕೆ 1 ಯೂನಿಟ್‌ನಂತೆ 3,000 ಸಲ ಕೊಟ್ಟರೆ ಬೀಳುವುದು 12 ರೂ. ಮಾತ್ರ. ದುಬಾರಿಯದೇ ಅಗ್ಗವಾಯಿತಲ್ಲ ಎನ್ನಬಹುದು. ಆದರೆ ಇದು ದಿನವೂ ಬಳಸುವವರ ಲೆಕ್ಕ. ಬ್ಯಾಟರಿಗೆ ಕೆಲಸವಿಲ್ಲದಿದ್ದರೂ ವಯಸ್ಸಾಗುತ್ತದೆ. ವರ್ಷಕ್ಕೆ 100 ರಾತ್ರಿ ಮಾತ್ರ ಬೇಕಾಗುವ ಮನೆಯಲ್ಲಿ ಸೀಸದ್ದು 5 ವರ್ಷ, ಲಿಥಿಯಂ 10 ವರ್ಷ ಬಾಳಿತೆನ್ನಿ. ಆಗ ಸೀಸದ್ದರ ಯೂನಿಟ್ಟಿಗೆ 33 ರೂ., ಲಿಥಿಯಂನದಕ್ಕೆ 36 ರೂ.! ಸೀಸದ ಹಳೆಯ ಬ್ಯಾಟರಿಗೆ ಗುಜರಿ ಬೆಲೆಯೂ ಉಂಟು. ಇರುವ ಇನ್‌ವರ್ಟರ್ ಲಿಥಿಯಂಗೆ ಹೊಂದದಿದ್ದರೆ ಹೊಸದರ ವೆಚ್ಚವನ್ನೂ ಕೂಡಿಸಬೇಕು.

ಬ್ಯಾಟರಿಯಿಂದ ಬಿಲ್ಲು ಉಳಿಯುತ್ತದೆಂಬ ಮಾತೂ ಕೇಳಿಬರುತ್ತಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಮಿತಿಯೊಳಗೆ ಉಚಿತ ವಿದ್ಯುತ್ ಪಡೆಯುವ ಮನೆಯಲ್ಲಿ ಉಳಿಯಲು ಬಿಲ್ಲಾದರೂ ಎಲ್ಲಿದೆ? ಮೇಲಾಗಿ, ಬ್ಯಾಟರಿ ತುಂಬಲು ಎಳೆಯುವ ವಿದ್ಯುತ್ತು ಅದು ಹಿಂದಿರುಗಿಸುವುದಕ್ಕಿಂತ ಯಾವಾಗಲೂ ಹೆಚ್ಚು. ನಾವು ಕೊಳ್ಳುತ್ತಿರುವುದು ಕತ್ತಲೆಯಲ್ಲಿ ಬೆಳಕನ್ನು, ಉಳಿತಾಯವನ್ನಲ್ಲ.

ಪಂಪ್‌ಸೆಟ್ ಮಾರ್ಗಕ್ಕೆ ಸೇರಿದ, ಸಂಜೆಯಾದರೆ ಕತ್ತಲಾಗುವ ತೋಟದ ಮನೆಗಳಿಗೆ ಲಿಥಿಯಂ ತಕ್ಕದ್ದೆಂದು ನನ್ನ ಅಭಿಪ್ರಾಯ. ಊರೊಳಗಿನ ಮನೆಗೆ ಒಂದು ಟ್ಯೂಬುಲರ್ ಸೀಸದ ಬ್ಯಾಟರಿ ಧಾರಾಳವಾಯಿತು. ಸಾಲ ಮಾಡಿ ದೊಡ್ಡದನ್ನು ತರಬೇಕಾಗಿಲ್ಲ. ಕೊಳ್ಳುವ ಮೊದಲು ಎರಡು ತಿಂಗಳು, ಕರೆಂಟು ಹೋದ ರಾತ್ರಿಗಳನ್ನೂ ಗಂಟೆಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಂಗಡಿಯಲ್ಲಿ ಖಾತರಿಯ ಅವಧಿ ಕೇಳಿದರೆ ಸಾಲದು. ಎಷ್ಟು ತಿಂಗಳೊಳಗೆ ಕೆಟ್ಟರೆ ಹೊಸದು ಕೊಡುತ್ತಾರೆ, ಆಮೇಲೆ ಕೆಟ್ಟರೆ ಬೆಲೆಯಲ್ಲಿ ಎಷ್ಟು ಕಳೆಯುತ್ತಾರೆ ಎಂಬುದನ್ನು ರಸೀತಿಯಲ್ಲೇ ಬರೆಸಿಕೊಳ್ಳಿ.