ಬರೆದುಕೊಟ್ಟ ಮಾತ್ರಕ್ಕೆ ಹೊಣೆ ಮುಗಿಯದು

2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ, ಒಂದು ಬಸಿರು ತುಂಬುವಷ್ಟು ಕಾಲದಲ್ಲಿ, ಕರ್ನಾಟಕದಲ್ಲಿ 464 ತಾಯಂದಿರು ತೀರಿಕೊಂಡರು. ಆ ಸಾವುಗಳನ್ನು ಪರಿಶೀಲಿಸಿದ ಸರ್ಕಾರದ ವರದಿಯೇ ಹೇಳಿತು: ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು. ತಪ್ಪಿಸಬಹುದಾಗಿದ್ದ ಸಾವನ್ನು ಹಣೆಬರಹ ಎಂದು ಕರೆದು ಸುಮ್ಮನಾಗುವ ಹಕ್ಕು ನಮಗೆ ಯಾರಿಗೂ ಇಲ್ಲ.

ತಾಯಂದಿರು ಆಸ್ಪತ್ರೆಗೆ ಬರುವುದಿಲ್ಲ ಎಂಬ ಹಳೆಯ ದೂರು ಈಗ ನಡೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಆಸ್ಪತ್ರೆಯನ್ನು ನಂಬಿ ಅವರು ಬಂದಿದ್ದಾರೆ. ಬಂದವರನ್ನು ನಾವು ಕಳೆದುಕೊಳ್ಳುತ್ತಿರುವುದು ಎಷ್ಟೋ ಸಲ ಒಂದು ಆಸ್ಪತ್ರೆಗೂ ಇನ್ನೊಂದಕ್ಕೂ ನಡುವಿನ ದಾರಿಯಲ್ಲಿ.

ಆ ದಾರಿ ಎಂಥದೆಂದು ತಿಳಿಯಬೇಕಾದರೆ ದೊಡ್ಡಆಲಹಳ್ಳಿಗೆ ಬನ್ನಿ. ಕನಕಪುರದಿಂದ ಸಂಗಮಕ್ಕೆ ಹೋಗುವ ರಸ್ತೆಯ ಊರು. ಮುಂದೆ ಹೋದಂತೆ ಕಾವೇರಿ ವನ್ಯಧಾಮದ ಕಾಡು. ಕಾಡಂಚಿನಲ್ಲಿ ಇರುಳಿಗ ಬುಡಕಟ್ಟಿನವರ ಹಾಡಿಗಳು, ಕತ್ತಲಾದರೆ ಆನೆ ಭಯ. ಇಲ್ಲಿನ ಹೆಣ್ಣುಮಗಳ ಹೆರಿಗೆ ಕಷ್ಟವಾದರೆ ಊರ ಆರೋಗ್ಯ ಕೇಂದ್ರದಿಂದ ಕನಕಪುರದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ರಾಮನಗರಕ್ಕೋ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೋ ಹೋಗಬೇಕು. ಪ್ರತಿ ಮೆಟ್ಟಿಲಲ್ಲೂ ಹೊಸ ಮುಖ, ಹೊಸ ಚೀಟಿ, ಮತ್ತೆ ಮೊದಲಿನಿಂದ ಅದೇ ಪ್ರಶ್ನೆಗಳು. ಹೆರಿಗೆಯ ನಂತರ ರಕ್ತ ನಿಲ್ಲದೆ ಹರಿದರೆ ಎರಡೇ ಗಂಟೆಯಲ್ಲಿ ಜೀವ ಹೋಗಬಹುದು. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಅವರ ಮೈಯಲ್ಲಿ ಕಳೆದುಕೊಳ್ಳಲು ಅಷ್ಟು ರಕ್ತವೂ ಇಲ್ಲ, ನಮ್ಮ ಕೈಯಲ್ಲಿ ಅಷ್ಟು ಹೊತ್ತೂ ಇಲ್ಲ.

ಊರ ಕೇಂದ್ರದ ವೈದ್ಯರೇ, ಸಿಸ್ಟರ್‌ಗಳೇ, ‘ಕನಕಪುರಕ್ಕೆ ಹೋಗಿ’ ಎಂದು ಬರೆದುಕೊಟ್ಟ ಕೂಡಲೇ ಆ ತಾಯಿಯ ಹೊಣೆ ನಿಮ್ಮ ಕೈಬಿಟ್ಟಿತೆಂದು ಭಾವಿಸಬೇಡಿ. ಬಿ.ಪಿ. ಏರಿ ಫಿಟ್ಸ್ ಬಂದರೆ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟೇ ಕಳಿಸಿ. ತಾಯಿ ಕಾರ್ಡಿನಲ್ಲಿ ಏನಾಯಿತು, ಯಾವಾಗ ಆಯಿತು, ಏನು ಕೊಟ್ಟಿರಿ ಎಂದು ಓದುವಂತೆ ಬರೆಯಿರಿ. 108 ಆಂಬುಲೆನ್ಸ್ ಹೊರಡುವ ಮೊದಲೇ ಮುಂದಿನ ಆಸ್ಪತ್ರೆಗೆ ಫೋನು ಮಾಡಿ. ಸಾಧ್ಯವಾದರೆ ಒಬ್ಬರು ಜೊತೆಗೆ ಹತ್ತಿ.

ದೊಡ್ಡಾಸ್ಪತ್ರೆಯ ವೈದ್ಯರೇ, ಆ ಫೋನು ಎತ್ತಿಕೊಳ್ಳಿ. ಗಾಡಿ ಬರುವ ಹೊತ್ತಿಗೆ ರಕ್ತ, ಅರಿವಳಿಕೆ ತಜ್ಞರು, ಆಪರೇಷನ್ ಕೋಣೆ ಸಿದ್ಧವಿರಲಿ. ಇಲ್ಲದಿದ್ದರೆ ಫೋನಿನಲ್ಲೇ ಹೇಳಿ, ಗಾಡಿ ನೇರ ಮುಂದಕ್ಕೆ ಹೋಗಲಿ. ‘ಇಷ್ಟು ಹೊತ್ತು ಏನು ಮಾಡ್ತಿದ್ರಿ’ ಎಂದು ಊರ ಸಿಸ್ಟರ್ ಮೇಲೆ ಎಲ್ಲರೆದುರು ರೇಗಬೇಡಿ. ಬೈಸಿಕೊಂಡವರು ಮುಂದಿನ ಸಲ ಹೆದರಿ ತಡಮಾಡುತ್ತಾರೆ, ಇಲ್ಲವೇ ಸಹಜವಾಗಿ ಹೆರಬಲ್ಲವರನ್ನೂ ನಿಮ್ಮ ಬಾಗಿಲಿಗೆ ತಳ್ಳುತ್ತಾರೆ. 2019–21ರ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ ಐದೇ ವರ್ಷದ ಆಸುಪಾಸಿನಲ್ಲಿ ಶೇ 23.6ರಿಂದ ಶೇ 31.5ಕ್ಕೆ ಏರಿದ್ದರಲ್ಲಿ ಈ ಭಯದ ಪಾಲೂ ಇರಬಹುದಲ್ಲವೇ? ತಾಯಿ ಉಳಿದಳೋ, ಮಗು ಹೇಗಿದೆ ಎಂದು ಕಳಿಸಿದವರಿಗೆ ತಿರುಗಿ ತಿಳಿಸಿ. ಅದಕ್ಕಿಂತ ದೊಡ್ಡ ತರಬೇತಿ ಅವರಿಗೆ ಇನ್ನೊಂದಿಲ್ಲ.

ಆಸ್ಪತ್ರೆಯ ಸಿದ್ಧತೆಯೊಂದೇ ಸಾಲದು. ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ತೀರಿಕೊಂಡರು. ಅವರಂಥವರ ಕೈಯಲ್ಲಿದ್ದ ತಾಳ್ಮೆ, ಪಕ್ಕದಲ್ಲೇ ಕೂತು ಧೈರ್ಯ ಹೇಳುವ ಗುಣ ಹೆರಿಗೆ ಕೋಣೆಗೆ ಇಂದಿಗೂ ಬೇಕು. ರಕ್ತನಿಧಿಯೂ ಶಸ್ತ್ರಚಿಕಿತ್ಸೆಯೂ ಅಷ್ಟೇ ಬೇಕು. ಇವೆರಡನ್ನೂ ಕೂಡಿಸಲೆಂದೇ ಕೇಂದ್ರ ಸರ್ಕಾರ 2018ರಲ್ಲಿ ವೃತ್ತಿಪರ ಸೂಲಗಿತ್ತಿಯರ ಮಾರ್ಗಸೂಚಿ ಹೊರಡಿಸಿತು. ನೆರೆಯ ತೆಲಂಗಾಣ ಅದಕ್ಕೂ ಮೊದಲೇ, 2017ರಲ್ಲಿ, ನರ್ಸ್‌ಗಳಿಗೆ ವೃತ್ತಿಪರ ಸೂಲಗಿತ್ತಿಯ ತರಬೇತಿ ಆರಂಭಿಸಿತ್ತು. ಅಂಥ ದಾದಿಯರು ನಮ್ಮ ಕಾಡಂಚಿನ ಕೇಂದ್ರಗಳಿಗೂ ಬರಲಿ ಎಂದು ನಾವು ಹಟ ಹಿಡಿದು ಕೇಳಬೇಕು.

ಅಪ್ಪ ಅಮ್ಮಂದಿರೇ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವಾಗ ಸೀರೆ ಬಳೆಗಳ ಜೊತೆ ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟುಗಳನ್ನೂ ತನ್ನಿ. ಬೆಂಗಳೂರಿನಲ್ಲಿ ತೋರಿಸಿಕೊಂಡ ಬಸುರಿ ಎಂಟನೇ ತಿಂಗಳಲ್ಲಿ ಇಲ್ಲಿಗೆ ಬಂದರೆ ಇಲ್ಲಿನವರಿಗೆ ಅವಳು ಹೊಸಬಳು. ಬಂದ ವಾರವೇ ಆಶಾ ಅಕ್ಕನಿಗೆ ಹೇಳಿ. ರಕ್ತದ ಗುಂಪು ಯಾವುದು, ಕೊಡುವವರು ಯಾರು, ರಾತ್ರಿ ನೋವು ಬಂದರೆ ಗಾಡಿ ಯಾರದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ‘ಗಂಡ ಬರಲಿ, ಮಾವನ ಕೇಳೋಣ’ ಎಂದು ನೋವಿನಲ್ಲಿರುವವಳನ್ನು ಕಾಯಿಸಬೇಡಿ. ಪಂಚಾಯಿತಿ ಸದಸ್ಯರೇ, ಇರುಳಿಗರ ಹಾಡಿಗೆ ಆಂಬುಲೆನ್ಸ್ ಹೋಗದಿದ್ದರೆ ಆ ದಾರಿ ಮಾಡಿಸುವುದು ಈ ವರ್ಷದ ನಿಮ್ಮ ಮೊದಲ ಕೆಲಸವಾಗಲಿ.

ಹೀಗೆ ಒಬ್ಬರಿಗೊಬ್ಬರು ಕೈಜೋಡಿಸಲು ಹೊಸ ಕಟ್ಟಡವನ್ನಾಗಲಿ ಹೊಸ ಯೋಜನೆಯನ್ನಾಗಲಿ ಕಾಯಬೇಕಿಲ್ಲ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ 2016ರಿಂದಲೂ ನಡೆದೇ ಇದೆ. ಅಂದು ಸಂಜೆ ಊರ ಸಿಸ್ಟರ್‌ಗಳು, ಆಶಾಗಳು, ಕನಕಪುರದ ವೈದ್ಯರು ಒಂದು ಗಂಟೆ ಒಟ್ಟಿಗೆ ಕೂರಲಿ. ಮುಂದಿನ ತಿಂಗಳು ಹೆರಲಿರುವ ಪ್ರತಿ ತಾಯಿಯ ಹೆಸರು ಹಿಡಿದು, ಯಾರು ಊರಲ್ಲೇ ಹೆರಬಹುದು, ಯಾರು ಮೊದಲೇ ಕನಕಪುರ ಸೇರಬೇಕು, ಯಾರಿಗೆ ಬೆಂಗಳೂರೇ ಗತಿ ಎಂದು ತೀರ್ಮಾನಿಸಲಿ. ಒಬ್ಬೊಬ್ಬ ತಾಯಿಗೂ ಹೊಣೆ ಹೊರುವ ಒಬ್ಬರ ಹೆಸರು ಬರೆದಿಡಲಿ. ಬರುವ 9ರಂದೇ ಇದು ಶುರುವಾಗಲಿ. ಅಂದು ಆ ಪಟ್ಟಿ ಸಿದ್ಧವಾಯಿತೇ ಎಂದು ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳುವುದು ಊರಿನವರಾದ ನಮ್ಮ ಕೆಲಸ.