ಹೆಸರನ್ನು ಸರಿಯಾಗಿ ಕೇಳಿಸಿಕೊಳ್ಳೋಣ

ಹೆಸರಿನ ಒಂದಕ್ಷರ ತಪ್ಪಿದರೆ ಏನು ಮಹಾ ಎಂದು ಹಲವರು ಕೇಳುತ್ತಾರೆ. ನನ್ನ ಹೆಸರು ಇಸ್ಮಾಯಿಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದು ಒಂದು ರೀತಿ ಇದೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಇಷ್ಟಕ್ಕೇ ನನ್ನ ವಿದ್ಯಾರ್ಥಿವೇತನದ ಅರ್ಜಿ ತಿಂಗಳುಗಟ್ಟಲೆ ನಿಂತಿತು. ಕಮಲಾಪುರದಿಂದ ಕಲಬುರಗಿಗೆ ಮೂರು ಸಲ ಬಸ್ಸಿನಲ್ಲಿ ಬಂದು ಅಲೆದೆ. ಕಚೇರಿಯಲ್ಲಿದ್ದವರೊಬ್ಬರು, “ನಿಮ್ಮ ಹೆಸರೇ ಹಿಂಗ, ಬರೀಲಿಕ್ಕೆ ಬರಂಗಿಲ್ಲ” ಎಂದರು.

ನಿಜವಾಗಿ ಇದು ಅಷ್ಟು ಕಠಿಣವಾದ ಹೆಸರಲ್ಲ. ಇದರ ಹೀಬ್ರೂ ರೂಪ ‘ಯಿಷ್ಮಾಏಲ್’. ‘ಯಿಷ್ಮಾ’ ಎಂದರೆ ಕೇಳುತ್ತಾನೆ, ‘ಏಲ್’ ಎಂದರೆ ದೇವರು. ದೇವರು ಕೇಳುತ್ತಾನೆ ಎಂಬುದೇ ಅರ್ಥ. ಕನ್ನಡ ಬೈಬಲಿನಲ್ಲಿ ಇದೇ ಹೆಸರು ‘ಇಷ್ಮಾಯೇಲ’. ಅಲ್ಲಿ ಮರುಭೂಮಿಯಲ್ಲಿ ಸಂಕಟಪಡುತ್ತಿದ್ದ ಹಾಗರಳ ಮೊರೆಯನ್ನು ದೇವರು ಕೇಳಿದ್ದರಿಂದ ಮಗುವಿಗೆ ಈ ಹೆಸರಿಡಬೇಕೆಂದು ದೇವದೂತ ಹೇಳುತ್ತಾನೆ. ಆಕೆಯೇ ನಮ್ಮ ಹಜರತ್ ಹಾಜಿರಾ. ಕುರ್‌ಆನಿನ ಸೂರಾ ಇಬ್ರಾಹೀಮಿನಲ್ಲಿ, ಮುಪ್ಪಿನಲ್ಲಿ ಇಸ್ಮಾಯಿಲ್ ಮತ್ತು ಇಸ್‌ಹಾಕರನ್ನು ಕೊಟ್ಟ ಅಲ್ಲಾಹನಿಗೆ ಹಜರತ್ ಇಬ್ರಾಹೀಮರು ಕೃತಜ್ಞತೆ ಹೇಳುವಾಗ, ಅವನನ್ನು ಪ್ರಾರ್ಥನೆ ಕೇಳುವವನೆಂದೇ ಕೊಂಡಾಡುತ್ತಾರೆ. ಅರಬ್ಬಿಯ ‘ಸಮೀ’ ಮತ್ತು ಹೀಬ್ರೂವಿನ ‘ಶಮಾ’ ಒಂದೇ ಬೇರಿನವು. ನಮಾಜಿನಲ್ಲಿ ರುಕೂವಿನಿಂದ ಏಳುವಾಗ ನಾವು ಹೇಳುವ ಮೊದಲ ಪದವೂ ಅದೇ ಬೇರಿನದು. ಕ್ರೈಸ್ತ ಮನೆಗಳ ಸಿಮೆಯೋನ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು.

ಈ ಹೆಸರು ಕನ್ನಡ ನೆಲಕ್ಕೂ ಹೊಸದಲ್ಲ. 1510ರಿಂದ 1534ರವರೆಗೆ ಬಿಜಾಪುರವನ್ನು ಆಳಿದವನು ಇಸ್ಮಾಯಿಲ್ ಆದಿಲ್ ಶಾಹ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರು 1946-47ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಧಾನಿಯಾಗಿದ್ದಾಗ ನಮ್ಮ ಜಿಲ್ಲೆಯೂ ಆ ಸಂಸ್ಥಾನದಲ್ಲಿತ್ತು. ಐದು ನೂರು ವರ್ಷಗಳಿಂದ ಇಲ್ಲಿ ಓಡಾಡಿದ ಹೆಸರು ಹೊರಗಿನದು ಹೇಗಾದೀತು?

“ಹೆಂಗ ಬರೆದರೂ ಮನುಷ್ಯಾ ಅವನೇ ಅಲ್ಲೇನು?” ಎನ್ನುವವರಿಗೆ ನಮ್ಮ ಊರನ್ನೇ ತೋರಿಸುತ್ತೇನೆ. ‘ಗುಲ್ಬರ್ಗಾ’ ಎಂದರೂ ಊರು ಇದೇ ಆಗಿತ್ತು. ಆದರೂ 2014ರ ನವೆಂಬರ್ 1ರಂದು ಸರ್ಕಾರ ಅದನ್ನು ‘ಕಲಬುರಗಿ’ ಎಂದು ಅಧಿಕೃತಗೊಳಿಸಿತು. ಬೋರ್ಡುಗಳೂ ಕಾಗದಪತ್ರಗಳೂ ಬದಲಾದವು. ಇಡೀ ಊರಿಗೆ ಸಿಕ್ಕ ಮರ್ಯಾದೆ ಒಬ್ಬ ವಿದ್ಯಾರ್ಥಿಗೆ ಸಿಗಬಾರದೇ?

ಅದಕ್ಕೇ ನನ್ನ ಸಲಹೆ ಇಷ್ಟು. ಪ್ರವೇಶದ ದಿನ ಪ್ರತಿ ವಿದ್ಯಾರ್ಥಿಯೂ ತನ್ನ ಹೆಸರನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ತಾನೇ ಬರೆಯಲಿ. ದಾಖಲೆಗಳಲ್ಲಿ ವ್ಯತ್ಯಾಸವಿದ್ದರೆ ಕಾಲೇಜು ಕಚೇರಿ ಅಂದೇ ತಿಳಿಸಲಿ. ದ್ವಿತೀಯ ಪಿಯು ಪರೀಕ್ಷೆಯ ಅರ್ಜಿ ತುಂಬುವವರೆಗೆ ಕಾಯುವುದು ಬೇಡ. ಹಾಜರಿ ಕರೆಯುವ ಉಪನ್ಯಾಸಕರು ಮೊದಲ ವಾರ ಒಮ್ಮೆ “ಸರಿಯಾಗಿ ಕರೆದೆನೇ?” ಎಂದು ಕೇಳಲಿ. ಗೆಳೆಯರಾದ ನಾವೂ ಬಸವರಾಜನನ್ನು ‘ಬಸ್ಯಾ’, ಫಾತಿಮಾಳನ್ನು ‘ಫಾತಿ’ ಎನ್ನುವ ಮುಂಚೆ ಅವರಿಗೆ ಅದು ಇಷ್ಟವೇ ಎಂದು ವಿಚಾರಿಸೋಣ. ಇದಕ್ಕೆ ಕಾಲೇಜಿಗೆ ಒಂದು ರೂಪಾಯಿಯ ಖರ್ಚೂ ಇಲ್ಲ. ತಾಯಿತಂದೆ ಅರ್ಥ ನೋಡಿ ಇಟ್ಟ ಹೆಸರನ್ನು ಕಿವಿಗೊಟ್ಟು ಕೇಳುವ ತಾಳ್ಮೆಯಿದ್ದರೆ ಸಾಕು.