‘ಯಾಕೆ ನನಗೇ?’ ಆದ್ಮೇಲೆ ‘ಮುಂದೇನು?’

ಕೊನೇ ರೌಂಡ್‌ನಲ್ಲಿ ಪ್ಲೇಸ್‌ಮೆಂಟ್ ಕೈತಪ್ಪಿದವರಿಗೆ, ಇಯರ್ ಬ್ಯಾಕ್ ಆದವರಿಗೆ, ಅಪ್ಪನ್ನ ಕಳ್ಕೊಂಡು ವಾರದಲ್ಲೇ ಇಂಟರ್ನಲ್ಸ್ ಬರೆಯೋಕೆ ಬಂದವರಿಗೆ, ಎಲ್ಲರಿಗೂ ನಾವು ಹೇಳೋದು ಒಂದೇ ಮಾತು: “ಆಗೋದೆಲ್ಲಾ ಒಳ್ಳೇದಕ್ಕೇ ಬಿಡು.” ಹಾಗಂದ್ರೆ ನಮ್ಮ ಮನಸ್ಸು ಹಗುರಾಗುತ್ತೆ. ಅಪ್ಪ ಸತ್ತದ್ದು ಯಾವ ಒಳ್ಳೇದಕ್ಕೆ ಅಂತ ಅವರು ತಿರುಗಿ ಕೇಳಿದರೆ ಮಾತ್ರ ನಮ್ಮ ಹತ್ರ ಉತ್ತರ ಇರಲ್ಲ.

ಕ್ರೈಸ್ತ ನಂಬಿಕೆಯೂ ಇದನ್ನೇ ಹೇಳುತ್ತೆ ಅಂತ ನಮ್ಮಲ್ಲಿ ಹಲವರು ಅಂದ್ಕೊಂಡಿದ್ದೇವೆ. ಆದರೆ ಬೈಬಲ್ಲಿನ ಯೋಬನ ಕಥೆ ನೋಡಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಹೋಯಿತು. ನೋಡೋಕೆ ಬಂದ ಮೂವರು ಗೆಳೆಯರು ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಆಮೇಲೆ ಬಾಯಿ ತೆರೆದು, ನೀನೇನೋ ಪಾಪ ಮಾಡಿರಬೇಕು ಅಂತ ಕಾರಣ ಕೊಡೋಕೆ ಶುರು ಮಾಡಿದರು. ಕೊನೆಗೆ ದೇವರು ಸಿಟ್ಟಾಗಿದ್ದು ಗೊಣಗಿದ ಯೋಬನ ಮೇಲಲ್ಲ, ಕಾರಣ ಕೊಟ್ಟ ಆ ಗೆಳೆಯರ ಮೇಲೆ! ಯೋಹಾನನ ಸುವಾರ್ತೆಯಲ್ಲೂ ಅಷ್ಟೆ. ಇವನು ಹುಟ್ಟು ಕುರುಡನಾಗಿದ್ದು ಯಾರ ಪಾಪದಿಂದ ಅಂತ ಶಿಷ್ಯರು ಕೇಳಿದಾಗ, ಯಾರದ್ದೂ ಅಲ್ಲ ಅಂತ ಯೇಸು ಹೇಳುತ್ತಾನೆ. ಇವನಲ್ಲಿ ಮುಂದೆ ಕಾಣಬೇಕಾದ ದೇವರ ಕೆಲಸದ ಕಡೆ ಅವರ ಗಮನ ತಿರುಗಿಸುತ್ತಾನೆ.

ಇದು ಬದುಕಿನಲ್ಲಿ ಹೇಗಿರುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮ ಪಕ್ಕದ ವೆಲ್ಲೂರಿನಲ್ಲೇ ಇದೆ. 1925ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ ಡಾ. ಮೇರಿ ವರ್ಗೀಸ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಯುವ ವೈದ್ಯೆ. ಸ್ತ್ರೀರೋಗ ತಜ್ಞೆ ಆಗಬೇಕು ಅನ್ನೋ ಆಸೆ. 1954ರಲ್ಲಿ ಸಹೋದ್ಯೋಗಿಗಳ ಜೊತೆ ಹೋಗ್ತಿದ್ದಾಗ ವಾಹನ ಪಲ್ಟಿಯಾಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು, ಮುಖಕ್ಕೂ ತೀವ್ರ ಗಾಯ. ಆ ಆಸೆ ಅಲ್ಲಿಗೆ ಮುಗಿಯಿತು.

ಅಲ್ಲೇ ಇದ್ದ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗದಿಂದ ಮುದುರಿದ ಕೈಗಳ ಶಸ್ತ್ರಚಿಕಿತ್ಸೆಯನ್ನು ಕೂತುಕೊಂಡೇ ಮಾಡಬಹುದು ಅಂತ ದಾರಿ ತೋರಿಸಿದರು. ಮೇರಿ ಗಾಲಿಕುರ್ಚಿಯಲ್ಲಿ ಕೂತು ಆ ಕೈಗಳನ್ನ ಸರಿಪಡಿಸಿದರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ವಾಪಸ್ ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಶುರುವಾಯಿತು. ತನ್ನ ಹಾಗೇ ಬೆನ್ನುಹುರಿ ಪೆಟ್ಟಾದವರು ಮತ್ತೆ ಬದುಕು ಕಟ್ಟಿಕೊಳ್ಳೋದನ್ನ ಕಲಿಯೋ ಜಾಗ ಅದು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹಾಗಾದ್ರೆ ಆ ಅಪಘಾತ ಒಳ್ಳೇದಾ? ಖಂಡಿತ ಅಲ್ಲ ಅಂತಲೇ ನಾವು ಹೇಳ್ತೀವಿ. ಅದು ಅಪಘಾತ, ಅಷ್ಟೆ. ಉದ್ದೇಶ ಬಂದಿದ್ದು ಆಮೇಲೆ. ನಂಬಿಕೆ ಅವರಿಗೆ ಕಾಲು ವಾಪಸ್ ಕೊಡಲಿಲ್ಲ. ಉಳಿದಿರೋ ಕೈಯಿಂದ ದೇವರಿಗೆ ಇನ್ನೂ ಕೆಲಸ ಇದೆ ಅನ್ನೋ ಧೈರ್ಯ ಕೊಟ್ಟಿತು. ಅದರ ಜೊತೆ ದಾರಿ ತೋರಿಸೋ ಗುರು, ಆರೈಕೆ ಮಾಡೋ ಸಹೋದ್ಯೋಗಿಗಳು, ವರ್ಷಗಟ್ಟಲೆ ಕಲಿಕೆ ಎಲ್ಲಾ ಬೇಕಾಯಿತು. ಬರೀ ಪ್ರಾರ್ಥನೆ ಸಾಕು ಅಂತ ಅವರೂ ಕೈಕಟ್ಟಿ ಕೂರಲಿಲ್ಲ.

ಇದರಲ್ಲಿ ಅಪಾಯವೂ ಇದೆ. ನೋವಿಗೆ ಅರ್ಥ ಹುಡುಕೋ ಹಕ್ಕು ನೋವು ಅನುಭವಿಸಿದವರದ್ದು. “ನಿನ್ನ ಕಷ್ಟದಲ್ಲಿ ದೇವರ ಯೋಜನೆ ಇದೆ” ಅಂತ ಹೊರಗಿನವರು ಹೇಳಿದರೆ ನಾವೂ ಯೋಬನ ಗೆಳೆಯರೇ ಆಗ್ತೀವಿ. ಇನ್ನೂ ಕೆಟ್ಟದ್ದು ಏನಂದ್ರೆ, ರ‍್ಯಾಂಪ್ ಇಲ್ಲದ ಕಟ್ಟಡ, ಕೆಟ್ಟ ರಸ್ತೆಗಳನ್ನೂ ‘ದೇವರಿಚ್ಛೆ’ ಅಂತ ಬಿಟ್ಟುಬಿಡೋದು. ಇಂಜಿನಿಯರುಗಳಾಗೋ ನಮಗೆ ಆ ನೆಪ ಹೇಳೋ ಹಾಗಿಲ್ಲ.

ದೇವರನ್ನ ನಂಬೋದು ಬಿಡೋದು ಅವರವರ ವಿಷಯ. ಆದರೆ ಪಕ್ಕದ ರೂಮಿನ ಗೆಳೆಯ ಬಾಗಿಲು ಹಾಕ್ಕೊಂಡು ಕೂತಿದ್ರೆ ನಾವೆಲ್ಲರೂ ಮಾಡಬಹುದಾದ್ದು ಇಷ್ಟು. ಮೊದಲು ಮಾತಿಲ್ಲದೆ ಜೊತೆಗೆ ಕೂರೋಣ, ಊಟ ತಂದುಕೊಡೋಣ, ಬೇಕಾದ್ರೆ ಕೌನ್ಸೆಲರ್ ಹತ್ರ ಜೊತೇಲೇ ಹೋಗೋಣ. ‘ಮುಂದೇನು?’ ಅಂತ ಅವನೇ ಕೇಳೋ ದಿನ ಬಂದಾಗ, ಪಾಲ್ ಬ್ರ್ಯಾಂಡ್ ಥರ ಒಂದು ಕೆಲಸ ತೋರಿಸೋಕೆ ನಾವು ಅಲ್ಲೇ ಇರೋಣ.